ನೀರಿಲ್ಲದ ಕಾಲುವೆಯ ರೀಡಿಂಗ್

ಕಿರ್ರ್… ಕಿರ್ರ್… ಕಿರ್. ಎರಡು ಉದ್ದ, ಒಂದು ಗಿಡ್ಡ. ಹೊಸಪೇಟೆಯ ಕಾಲುವೆ ಆಫೀಸಿನ ಹಿಂದಿನ ಕೋಣೆಯಲ್ಲಿ ಬೆಳಗಿನ ಹೊತ್ತು ಈ ಗಂಟೆ ಬಂತೆಂದರೆ ಎಮ್ಮಿಗನೂರಿನ ಆಚೆಯ ಗೇಟಿನಿಂದ ಹುಲುಗಪ್ಪ ಮಾತಾಡುತ್ತಿದ್ದಾನೆ ಎಂದರ್ಥ. ಫೋನಿನ ಹ್ಯಾಂಡಲನ್ನು ಅವನು ತಿರುಗಿಸುವ ರೀತಿಯೇ ಬೇರೆ. ಉಳಿದವರು ಬಾವಿ ರಾಟೆ ಎಳೆದಂತೆ ಜಗ್ಗುತ್ತಿದ್ದರು. ಇವನದು ಮಲಗಿದ ಮಗುವನ್ನು ಎಬ್ಬಿಸಿದ ಹಾಗೆ.

ಹೋದ ತಿಂಗಳು ಕಂಪ್ಲಿಗೆ ಒಂದು ಮದುವೆಗೆ ಹೋಗುವಾಗ ತಮ್ಮನ ಮಗ ಕಾಲುವೆ ದಂಡೆಯ ಮೇಲೆ ಕಾರು ನಿಲ್ಲಿಸಿದ. ದಂಡೆಯಲ್ಲಿ ಹಳೆಯ ಟೆಲಿಫೋನ್ ಕಂಬವೊಂದು ತಂತಿಯಿಲ್ಲದೆ ವಾಲಿಕೊಂಡು ನಿಂತಿತ್ತು. ಯಾರೋ ಅದಕ್ಕೆ ಎಮ್ಮೆ ಕಟ್ಟಿದ್ದರು. ನನ್ನ ಕಿವಿಯಲ್ಲಿ ಮಾತ್ರ ಗಂಟೆ ಶುರುವಾಗಿಬಿಟ್ಟಿತು. ಎಪ್ಪತ್ತರ ದಶಕದ ಆ ಒಂದು ಬೇಸಿಗೆಯನ್ನು ಬರೆದಿಡಬೇಕೆನ್ನಿಸಿದ್ದು ಆಗ.

ನಾವು ಕಂಪ್ಲಿಯವರು. ಅಪ್ಪನದು ಅಕ್ಕಿ ಗಿರಣಿ. ಕಾಲುವೆ ನೀರು ಬಂದು ಊರೆಲ್ಲ ಭತ್ತವಾದಾಗ ನಮ್ಮ ಮನೆಗೂ ಕಾಸು ಬಂತು, ನನಗೆ ಬಳ್ಳಾರಿಯ ಕಾನ್ವೆಂಟ್ ಬಂತು. ಸಿಸ್ಟರುಗಳು ನನಗೆ ಇಂಗ್ಲಿಷನ್ನೂ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನೂ ಕಲಿಸಿದರು. ಎರಡೂ ಮದುವೆಗೆ ಅಡ್ಡಿಯಾದವು ಅಂತ ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಗಿರಣಿ ತಮ್ಮಂದಿರ ಪಾಲಾಯಿತು. ನಾನು ಕಾಲುವೆ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಆದೆ, ಹೊಸಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ.

ಆ ಫೋನು ಊರಿನ ಫೋನಿನಂತಲ್ಲ. ಕಾಲುವೆಯ ಉದ್ದಕ್ಕೂ ಎಳೆದಿದ್ದ ಒಂದೇ ತಂತಿ. ನೀರು ಏರಿಸಿ ಇಳಿಸುವ ಪ್ರತಿ ಗೇಟಿನಲ್ಲೂ ಒಂದು ಸಣ್ಣ ಮನೆ, ಅದರಲ್ಲಿ ಒಂದು ಫೋನು, ಗೇಟು ಕಾಯುವ ಲಸ್ಕರ್. ಒಬ್ಬ ಮಾತಾಡಿದರೆ ಕಿವಿಗಿಟ್ಟುಕೊಂಡ ಎಲ್ಲರಿಗೂ ಕೇಳುತ್ತಿತ್ತು. ಬೆಳಿಗ್ಗೆ ಒಬ್ಬೊಬ್ಬರೇ ಗಂಟೆ ಬಾರಿಸಿ ನೀರು ಎಷ್ಟು ಅಡಿ ಇದೆ ಎಂದು ಹೇಳಬೇಕು. ನಾನು ಅದನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ರೀಡಿಂಗ್ ಬಿಟ್ಟು ಬೇರೆ ಮಾತು ಆಡಕೂಡದು. ಬ್ಯಾಟರಿ ದಂಡ, ಟೈಮ್ ದಂಡ. ಹೆಡ್ ಕ್ಲರ್ಕ್ ಕೊಟ್ರಪ್ಪನವರು ಬಾಗಿಲಲ್ಲಿ ನಿಂತು ಕೆಮ್ಮಿದರೆಂದರೆ ಅದು ವಾರ್ನಿಂಗ್.

ಆದರೂ ಒಂದೆರಡು ಮಾತು ಸಂದಿಯಲ್ಲಿ ನುಸುಳಿಬರುತ್ತಿದ್ದವು. “ಅಕ್ಕೋರೆ, ನಾಷ್ಟಾ ಆತೇನ್ರಿ?” ಎಂದು ಒಬ್ಬ. “ಥ್ಯಾಂಕ್ಯೂ, ನೆಕ್ಸ್ಟ್” ಎಂದು ನಾನು. “ಥ್ಯಾಂಕೂ, ನೆಕ್ಸ್ಟೂ” ಎಂದು ಇನ್ನೊಂದು ಗೇಟಿನಿಂದ ಯಾವನೋ ನನ್ನ ದನಿಯನ್ನೇ ಅಣಕಿಸುತ್ತಿದ್ದ. ನನಗೆ ಸಿಟ್ಟು ಬರುತ್ತಿರಲಿಲ್ಲ. ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ಅವರ ಕೆಮ್ಮು, ಅವರ ಕೋಳಿ, ಅವರ ಸ್ಟೋವಿನ ಸದ್ದು ಮಾತ್ರ ಗೊತ್ತು. ಭಾನುವಾರ ಆಫೀಸಿಗೆ ರಜೆ. ಅವತ್ತು ಯಾರ ಬಾಯಿಂದಲೂ ನನ್ನನ್ನು ಕರೆಯುವ ಮಾತು ಬರುತ್ತಿರಲಿಲ್ಲ. ಸಂಜೆಯಾಗುವಷ್ಟರಲ್ಲಿ ನನ್ನ ಗಂಟಲೇ ನನಗೆ ಹೊಸದೆನಿಸುತ್ತಿತ್ತು.

ಹುಲುಗಪ್ಪನ ಗೇಟಿನಲ್ಲಿ ಮೊದಲು ಇಬ್ಬರಿದ್ದರು. ಇವನು ಮತ್ತು ಮಾಬುಸಾಬ. ಮಾಬುಸಾಬ ಹಿರಿಯ, ತಂತಿಯ ಮೇಲಿನ ಹಾಸ್ಯಗಾರ. “ಅಕ್ಕೋರೆ, ಈ ಹುಲುಗ್ಯಾ ಇವತ್ತೂ ಅನ್ನ ಸೀಸಿಟ್ಟಾನ್ರಿ. ನೀರಿನ ಲೆಕ್ಕ ಗೊತ್ತೈತಿ, ಅನ್ನದ ನೀರಿನ ಲೆಕ್ಕ ಗೊತ್ತಿಲ್ಲ!” ಹಿಂದಿನಿಂದ ಹುಲುಗಪ್ಪ, “ಸುಳ್ರಿ ಅಕ್ಕೋರೆ, ಬೆಂಕಿ ಹಾಕಿದ್ದು ಆ ಮುದುಕನ!” ಎನ್ನುತ್ತಿದ್ದ. ಚಳಿಗಾಲದಲ್ಲಿ ಮಾಬುಸಾಬ ರಿಟೈರ್ ಆದ. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಒಂದು ಗೇಟಿಗೆ ಒಬ್ಬ ಸಾಕು ಎಂದು ಮೇಲಿನಿಂದ ಆರ್ಡರ್. ಹುಲುಗಪ್ಪನ ಹೆಂಡತಿ ಮಕ್ಕಳು ದೂರದ ಚೋರನೂರಿನಲ್ಲಿ ಮಳೆ ನಂಬಿದ ಹೊಲ ನೋಡಿಕೊಂಡಿದ್ದರು. ಗೇಟು ಬಿಟ್ಟು ಹೋಗುವಂತಿಲ್ಲ. ಅವನು ಒಬ್ಬನೇ ಉಳಿದ.

ನೀರಿರುವಷ್ಟು ದಿನ ನಡೆಯಿತು. ರೈತರು ಬರುತ್ತಿದ್ದರು, ಜಗಳಕ್ಕಾದರೂ ಬರುತ್ತಿದ್ದರು. ಬೇಸಿಗೆಯಲ್ಲಿ ರಿಪೇರಿಗೆಂದು ಕಾಲುವೆ ಬಂದ್ ಮಾಡಿದರು. ನೀರು ನಿಂತರೆ ರೀಡಿಂಗೂ ಇಲ್ಲ. ಮಳೆಗಾಲದವರೆಗೆ ನನ್ನನ್ನು ಅದೇ ಕೋಣೆಯಲ್ಲಿ, ಫೋನಿನ ಪಕ್ಕದಲ್ಲೇ, ಟೈಪಿಂಗಿಗೆ ಕೂರಿಸಿದರು. ಗೇಟಿನವರಿಗೆ ಮಾತ್ರ ಗೇಟು ಬಿಡುವಂತಿಲ್ಲ. ಕಬ್ಬಿಣ ಕಳ್ಳರ ಕಾಟ.

ಬಂದ್ ಮಾಡಿದ ಮಾರನೇ ಬೆಳಿಗ್ಗೆಯೇ ಎರಡು ಉದ್ದ, ಒಂದು ಗಿಡ್ಡ.

“ಅಕ್ಕೋರೆ, ನೀರಿಲ್ರಿ.”

“ಗೊತ್ತು ಹುಲುಗಪ್ಪ. ಥ್ಯಾಂಕ್ಯೂ.”

ಅದರ ಮಾರನೇ ದಿನವೂ ಅದೇ. ಆಮೇಲೆ ದಿನಾ. ಕೊಟ್ರಪ್ಪನವರು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದರು. “ಒಣಗಿದ ಕಾಲಿವಿಗೆ ರೀಡಿಂಗ್ ಏನ್ರೀ ಮೇಡಮ್ಮ? ನಾಳಿ ಗುಡ್ಡದ್ದೂ ಕೇಳ್ರಿ, ಎಷ್ಟು ಅಡಿ ಅದಾವಂತ.” ತಂತಿಯ ಮೇಲೆ ಉಳಿದ ಗೇಟಿನವರಿಗೂ ಮೋಜು. “ಲೇ ಹುಲುಗ್ಯಾ, ಇವತ್ತು ಧೂಳು ಎಷ್ಟು ಅಡಿ ಬಂದೈತಲೇ?” ಮೊದಮೊದಲು ಅವನೂ ನಗುತ್ತಿದ್ದ. “ನಿಮ್ಮಪ್ಪನ ಮೀಸಿ ಮಟಾ ಬಂದೈತಿ” ಎಂದು ತಿರುಗಿ ಹೇಳುತ್ತಿದ್ದ. ಕ್ರಮೇಣ ತಿರುಗಿ ಹೇಳುವುದು ನಿಂತಿತು. ಒಂದು ದಿನ “ನೀರಿಲ್ರಿ” ಎಂದವನು ಫೋನು ಇಡಲೇ ಇಲ್ಲ. ಅವನ ಉಸಿರು ಕೇಳುತ್ತಿತ್ತು.

“ಏನಾಯ್ತು ಹುಲುಗಪ್ಪ?”

“ನಿದ್ದಿ ಬರವಲ್ದ್ರಿ ಅಕ್ಕೋರೆ. ನೀರಿನ ಸಪ್ಪಳ ಇಲ್ರಿ. ಮಾಬಣ್ಣನ ಗೊರಕಿನೂ ಇಲ್ಲ. ಭಾಳ ಸುಮ್ಮಕೈತ್ರಿ ಇಲ್ಲಿ.”

ನಾನು ಇಂಜಿನಿಯರ್ ಸಾಹೇಬರಿಗೆ ಹೇಳಿದೆ. ಬಸವಲಿಂಗಯ್ಯ ಎಂದು ಅವರ ಹೆಸರು. ಮೈಸೂರು ಕಡೆಯವರು, ಮೃದು ಮಾತಿನವರು. ಆದರೆ ಮೃದು ಮಾತಿನವರಿಗೂ ಕಿವಿ ತುಂಬ ಸಿಮೆಂಟಿನ ಲೆಕ್ಕವೇ ಇದ್ದ ದಿನಗಳು ಅವು. “ಬೇಸಿಗೆ ಅಲ್ವಾ ಮೇಡಂ, ಯಾರಿಗೆ ನಿದ್ದೆ ಬರುತ್ತೆ?” ಎಂದು ಜೀಪು ಹತ್ತಿದರು.

ಇದಾಗಿ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಗಂಟೆ ಬೇಗನೇ ಬಂತು. ನಾನಿನ್ನೂ ಚೀಲ ಇಳಿಸಿರಲಿಲ್ಲ.

“ಅಕ್ಕೋರೆ! ಬಂತ್ರಿ! ಎರಡಡಿ ನೀರು ಬಂದೈತ್ರಿ!”

ತಂತಿಯ ಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು. ಅವನ ಗೇಟಿನ ಕೆಳಗೆ ಕಾಲುವೆಯ ತಳದಲ್ಲಿ ಆ ಹೊತ್ತಿಗೆ ರಿಪೇರಿ ಕೆಲಸದವರು ಇಳಿದಿದ್ದರು. ಕಲ್ಲು ಕಟ್ಟುವವರು, ಗಾರೆ ಹೊರುವ ಹೆಂಗಸರು. ಮುಂದಿನ ಗೇಟಿನವನು ಫೋನು ಬಿಸಾಕಿ ದಂಡೆಯ ಮೇಲೆ ಓಡಿ, “ನೀರು ಬಿಟ್ಟಾರ, ಏಳ್ರೋ, ಮ್ಯಾಲ ಬರ್ರೋ!” ಎಂದು ಅರಚಿದನಂತೆ. ಎಲ್ಲರೂ ಬುಟ್ಟಿ ಎಸೆದು ಇಳಿಜಾರು ಹತ್ತಿದರು. ಒಬ್ಬ ಹೆಂಗಸು ಜಾರಿ ಬಿದ್ದು ಕೈ ಮುರಿದುಕೊಂಡಳು. ದಂಡೆಯ ಮೇಲೆ ನಿಂತು ನೋಡುತ್ತಾರೆ, ನೀರಿಲ್ಲ. ಬಿಸಿಲು, ಧೂಳು, ಉರುಳಿದ ಬುಟ್ಟಿಗಳು ಅಷ್ಟೇ.

ಸಾಹೇಬರು ಮೊದಲು ಆ ಹೆಂಗಸನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದರು. ಕಾಂಟ್ರಾಕ್ಟರು ಆಫೀಸಿಗೇ ಬಂದು ಕೂಗಾಡಿದ. ಕೊಟ್ರಪ್ಪನವರು ಕನ್ನಡಕ ಒರೆಸಿಕೊಂಡು, “ರೂಲ್ ಐತ್ರಿ ಸಾರ್. ಸುಳ್ಳು ರೀಡಿಂಗ್ ಕೊಟ್ಟರ ಕೆಲಸದಿಂದ ತಗೀಬೇಕು. ತಲಿ ಕೆಟ್ಟಿದ್ರ ಧಾರವಾಡಕ್ಕ ಕಳಿಸಬೇಕು. ಎರಡರಾಗ ಒಂದು” ಎಂದರು. ನಮ್ಮ ಕಡೆ ಧಾರವಾಡಕ್ಕೆ ಕಳಿಸುವುದೆಂದರೆ ಹುಚ್ಚಾಸ್ಪತ್ರೆಗೆ ಕಳಿಸುವುದೆಂದೇ ಅರ್ಥ. ಅಲ್ಲಿಗೆ ಹೋಗಿ ಬಂದವನಿಗೆ ಯಾರೂ ಗೇಟು ಕೊಡುವುದಿಲ್ಲ, ಹೆಣ್ಣೂ ಕೊಡುವುದಿಲ್ಲ. ಕೆಲಸ ಹೋದರೆ ಚೋರನೂರಿನ ಆ ಒಣ ಹೊಲ ಐದು ಹೊಟ್ಟೆಗೆ ಸಾಲುವಂಥದ್ದಲ್ಲ.

ಸಾಹೇಬರು ನನ್ನ ಕಡೆ ತಿರುಗಿದರು. “ಕುಡಿದಿದ್ನಾ ಮೇಡಂ? ದನಿ ಹೇಗಿತ್ತು?”

“ಕುಡಿದಿರಲಿಲ್ಲ ಸರ್. ಹಿ ವಾಸ್ ಹ್ಯಾಪಿ. ತುಂಬ ಸಂತೋಷವಾಗಿದ್ದ.”

ಅವರು ಗೇಟಿಗೆ ಹೊರಡುತ್ತ, “ನೀವೂ ಬನ್ನಿ” ಎಂದರು.

ಹಾಗೆ ಹುಲುಗಪ್ಪನ ಮುಖವನ್ನು ನಾನು ಮೊದಲ ಸಲ ನೋಡಿದ್ದು. ದೊಡ್ಡ ಆಳು ಎಂದುಕೊಂಡಿದ್ದೆ. ಸಣಕಲ, ಕೆನ್ನೆ ಒಳಗೆ ಹೋಗಿತ್ತು. ಖಾಕಿ ಅಂಗಿ ಮಾತ್ರ ಒಗೆದು ಗುಂಡಿ ಹಾಕಿದ್ದ. ಗೇಟಿನ ಚಕ್ರಕ್ಕೆ ಗ್ರೀಸು ಹಚ್ಚಿ ಹಚ್ಚಿ ಅದು ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಕಾಲುವೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತಿದ್ದ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು. ಕೆಳಗೆ ಒಣಗಿ ಬಿರುಕು ಬಿಟ್ಟ ಕೆಸರು.

ಕೊಟ್ರಪ್ಪನವರು ನೆರಳಲ್ಲೇ ನಿಂತು, “ಏಳ್ಲೇ, ಸಾಹೇಬ್ರು ಬಂದಾರ!” ಎಂದು ಗದರಿದರು. ಸಾಹೇಬರು ಕೈಯಲ್ಲೇ ಅವರನ್ನು ಸುಮ್ಮನಾಗಿಸಿ, ಶೂ ಹಾಕಿಕೊಂಡೇ ಹೋಗಿ ಅವನ ಪಕ್ಕದ ಮೆಟ್ಟಿಲ ಮೇಲೆ ಕೂತರು. ಒಬ್ಬ ಆಫೀಸರ್ ಲಸ್ಕರನ ಪಕ್ಕ ನೆಲದ ಮೇಲೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ನೀರು ನೋಡಿದ್ಯೇನಪ್ಪಾ?”

“ಸಪ್ಪಳ ಕೇಳಿಸ್ತ್ರಿ ಸಾಹೇಬ್ರ. ಎದ್ದು ನೋಡಿದೆ. ಹೊಳೀತಿತ್ರಿ. ಪೋನು ಮಾಡಿ ಬಂದು ನೋಡಿದ್ರ ಇರ್ಲಿಲ್ಲ.” ಅವನು ತಲೆ ಎತ್ತಲಿಲ್ಲ. “ಆ ಹೆಣಮಗಳ ಕೈ ಮುರೀತಂತ ಹೌದೇನ್ರಿ?”

“ವಾಸಿಯಾಗುತ್ತೆ. ಡಾಕ್ಟರು ಕಟ್ಟು ಹಾಕಿದಾರೆ. ನೀನು ಇಲ್ಲಿ ಯಾರ ಹತ್ತಿರ ಮಾತಾಡ್ತೀಯಾ?”

“ಮುಂಜಾನಿ ಅಕ್ಕೋರ ಜೋಡಿ.”

“ಆಮೇಲೆ?”

ಹುಲುಗಪ್ಪ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಮರೆತದ್ದನ್ನು ನೆನಪು ಮಾಡಿಕೊಳ್ಳುವವನ ಹಾಗೆ. “ಆಮ್ಯಾಲ ಇಲ್ರಿ” ಎಂದ.

ಸಾಹೇಬರು ಅವನನ್ನು ಜೀಪಿನಲ್ಲೇ ಕರೆದುಕೊಂಡು ಬಂದರು. ಬಳ್ಳಾರಿಯ ಡಾಕ್ಟರಿಗೆ ತಾವೇ ತೋರಿಸಿದರು. ಡಾಕ್ಟರು ನಿದ್ದೆಗೆ ಮಾತ್ರೆ ಕೊಟ್ಟು, ಒಬ್ಬನೇ ಇರಲು ಬಿಡಬೇಡಿ ಎಂದರಂತೆ. ಸಾಹೇಬರು ಅವನಿಗೆ ಹೊಸಪೇಟೆ ಆಫೀಸಿನ ವರಾಂಡದಲ್ಲಿ ಒಂದು ಸ್ಟೂಲು ಹಾಕಿಸಿದರು. ಲೈಟ್ ಡ್ಯೂಟಿ. ಏನೂ ಮಾಡಬೇಡ, ರೆಸ್ಟ್ ತಗೋ, ಸಂಬಳ ಬರುತ್ತೆ ಎಂದರು. ನಮಗೆಲ್ಲ ಅದು ದೊಡ್ಡತನವಾಗಿ ಕಂಡಿತು. ದೊಡ್ಡತನವೇ ಹೌದು.

ಆದರೆ ಆ ಸ್ಟೂಲು ಅವನನ್ನು ತಿನ್ನತೊಡಗಿತು. ಎಲ್ಲರೂ ಅವನಿಗೆ ಒಳ್ಳೆಯವರಾಗಿಬಿಟ್ಟಿದ್ದರು. ಯಾರೂ ಬೈಯುವುದಿಲ್ಲ, ಯಾರೂ ಗೇಲಿ ಮಾಡುವುದಿಲ್ಲ, ಯಾರೂ ಕೆಲಸ ಹೇಳುವುದಿಲ್ಲ. ಅವನು ನೀರಿನ ಕೊಡ ತುಂಬಿಸಲು ಎದ್ದರೆ ಕೊಟ್ರಪ್ಪನವರು, “ನೀ ಕುಂದ್ರಪಾ, ಕುಂದ್ರು” ಎಂದು ಬೀಗರ ಹತ್ತಿರ ಮಾತಾಡಿದ ಹಾಗೆ ಮಾತಾಡುವರು. ಅವನ ಮುಂದೆ ಹಾಯುವಾಗ ಗುಮಾಸ್ತರೆಲ್ಲ ದನಿ ತಗ್ಗಿಸುವರು, ಜ್ವರದವರ ಮನೆ ಮುಂದೆ ಹೋದಂತೆ. ಹತ್ತಾರು ಜನರ ನಡುವೆ ಅವನು ಕಾಲುವೆಗಿಂತ ಒಣಗಿಹೋದ. ಊಟದ ಡಬ್ಬಿ ಬಿಚ್ಚುವನು, ಮುಚ್ಚುವನು. ನನಗೆ ಅದು ಬೇಗ ಅರ್ಥವಾಯಿತು. ಜನರ ಮಧ್ಯೆ ಕೂತು ಯಾರಿಗೂ ಬೇಡವಾಗಿರುವುದು ಹೇಗಿರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಂದು ಬೆಳಿಗ್ಗೆ ಅವನು ನನ್ನ ಕೋಣೆಯ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ಅಕ್ಕೋರೆ, ಅವರೆಲ್ಲ ಇನ್ನೂ ಮಾತಾಡ್ತಾರೇನ್ರಿ ತಂತಿ ಮ್ಯಾಲ?”

“ಕೇಳ್ತೀಯಾ?” ಎಂದೆ. ಹೆಡ್‌ಫೋನ್ ತೆಗೆದು ಅವನ ತಲೆಗೆ ಹಾಕಿದೆ. ಅವನ ಪೇಟಕ್ಕೆ ಅದು ಸರಿಯಾಗಿ ಕೂರಲಿಲ್ಲ, ಕೈಯಲ್ಲಿ ಒತ್ತಿಹಿಡಿದ. ಫೋನಿನ ಮಾತಾಡುವ ಬಾಯಿಯ ಕಡೆ ಕೈ ತೋರಿಸಿದೆ. ಅವನು ಬಾಗಿ, ಮೆಲ್ಲಗೆ, “ನಾ ಹುಲುಗಪ್ಪ” ಎಂದ.

ಆ ಕಡೆಯಿಂದ ಬಂದದ್ದು ನನಗೂ ಕೇಳಿತು, ಅಷ್ಟು ಜೋರು. “ಲೇ ಮಗನ! ಎಲ್ಲಿ ಹಾಳಾಗಿ ಹೋಗಿದ್ದಿಲೇ? ನಮ್ಮನ್ನೆಲ್ಲ ದಂಡಿ ಮ್ಯಾಲ ಓಡಿಸಿ ನೀ ಪೇಟಿಗೆ ಹೋಗಿ ಫ್ಯಾನಿನ ಗಾಳಿ ತಗೊಳ್ತೀಯೇನು?” ಇನ್ನೊಬ್ಬ, “ಎರಡಡಿ ಅಂದ್ಯಲ್ಲಲೇ, ಒಂದಡಿ ಅಂದಿದ್ರ ನಾವು ಓಡ್ತಿರ್ಲಿಲ್ಲ!” ಎಂದ.

ಹುಲುಗಪ್ಪ ಮೊದಲು ಗಾಬರಿಯಾದ. ಆಮೇಲೆ ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ಎರಡೂ ಇತ್ತೇನೋ. ಬಾಗಿಲಲ್ಲಿ ಕೆಮ್ಮು ಕೇಳಿ ತಿರುಗಿದರೆ ಕೊಟ್ರಪ್ಪನವರಲ್ಲ, ಸಾಹೇಬರು.

ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಇಷ್ಟು ದಿನ ನಾವ್ಯಾರೂ ಕೇಳದಿದ್ದ ಪ್ರಶ್ನೆ ಕೇಳಿದರು. “ನಿನಗೆ ಏನು ಬೇಕು ಹುಲುಗಪ್ಪ?”

“ನನ್ನ ಗೇಟು ಬೇಕ್ರಿ.” ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟು, “ಆದ್ರ ಒಬ್ನ ಬ್ಯಾಡ್ರಿ.”

ಮೇಲಿನ ಆರ್ಡರನ್ನು ಬದಲಿಸುವ ಅಧಿಕಾರ ಸಾಹೇಬರಿಗೆ ಇರಲಿಲ್ಲ. ತಮ್ಮ ಕೈಯಲ್ಲಿದ್ದುದನ್ನು ಮಾಡಿದರು. ಹತ್ತಿರಹತ್ತಿರದ ಎರಡು ಗೇಟುಗಳನ್ನು ಜೋಡಿ ಮಾಡಿದರು. ಇಬ್ಬರೂ ಒಂದೇ ಮನೆಯಲ್ಲಿ ಇರಬೇಕು, ಒಲೆ ಒಂದೇ, ಎರಡೂ ಗೇಟನ್ನು ಸೈಕಲ್ ಮೇಲೆ ಹೋಗಿ ನೋಡಿಕೊಳ್ಳಬೇಕು. ಕಾಲುವೆ ಬಂದ್ ಆದಾಗ ಇಬ್ಬರಲ್ಲಿ ಒಬ್ಬ ಪಾಳಿಯ ಮೇಲೆ ಊರಿಗೆ ಹೋಗಿಬರಬೇಕು. ಆಗ ಒಬ್ಬನೇ ಉಳಿದವನ ಗೇಟಿಗೆ ಕಾಲುವೆ ಕೆಲಸದ ಮೇಸ್ತ್ರಿ ದಿನಾ ಸಂಜೆ ಹೋಗಿ ಕೂತು ಚಹಾ ಕುಡಿದು ಬರಬೇಕು. ಕೊನೆಯದಾಗಿ ನನ್ನ ಕಡೆ ನೋಡಿ, “ನೀರಿರಲಿ ಬಿಡಲಿ, ದಿನಾ ರೀಡಿಂಗ್ ತಗೊಳ್ಳಿ ಮೇಡಂ. ರೀಡಿಂಗ್ ಆದಮೇಲೆ ಲೈನ್ ಬಂದ್ ಮಾಡಬೇಡಿ. ಅವರ ಮಾತು ಮುಗಿಯೋವರೆಗೂ ಇರಲಿ” ಎಂದರು.

“ಬ್ಯಾಟರಿ ಸಾರ್…” ಎಂದರು ಕೊಟ್ರಪ್ಪನವರು.

“ಬ್ಯಾಟರಿ ಸಿಗುತ್ತೆ ಕೊಟ್ರಪ್ಪ.”

ಅಂದಿನಿಂದ ನಾನು ಖಾಲಿ ಕಾಲುವೆಗೆ ಸೊನ್ನೆ ಬರೆದೆ, ಸಾಲಾಗಿ, ಪ್ರತಿ ಗೇಟಿಗೂ ಒಂದು. ಆಮೇಲೆ ತಂತಿ ಸಂತೆಯಾಗುತ್ತಿತ್ತು. ಯಾರ ಆಕಳು ಈದಿದೆ, ಯಾರ ಮಗಳಿಗೆ ವರ ಬಂದಿದೆ, ಯಾರ ಹೊಟ್ಟೆ ಕೆಟ್ಟಿದೆ. ಒಬ್ಬ ಎರಡು ದಿನ ಮಾತು ಕಮ್ಮಿ ಮಾಡಿದರೆ ಮೂರನೆಯ ದಿನ ಉಳಿದವರೇ ಹೇಳುತ್ತಿದ್ದರು. “ಅಕ್ಕೋರೆ, ಇವನ್ಯಾಕೋ ಸುಮ್ಮಕಾಗ್ಯಾನ್ರಿ, ಸಾಹೇಬ್ರಿಗೆ ಹೇಳ್ರಿ.” ಸಾಹೇಬರ ಜೀಪು ಹೋಗುತ್ತಿತ್ತು. ಕೊಟ್ರಪ್ಪನವರು ಬ್ಯಾಟರಿಯ ಮಾತು ಬಿಟ್ಟು, ತಾವೇ ದಿನಾ ಬಂದು ನನ್ನ ಫೋನಿಗೆ ಬಾಯಿ ಹಾಕುತ್ತಿದ್ದರು. “ಏನ್ರೋ, ಇನ್ನೂ ಅದೀರೇನು?” ಎನ್ನುವರು. “ಅದೀವ್ರಿ, ನಿಮ್ಮ ಪುಣ್ಯಾ” ಎಂದು ಎಲ್ಲ ಗೇಟುಗಳೂ ಒಟ್ಟಿಗೆ.

ಹುಲುಗಪ್ಪ ಮಳೆಗಾಲಕ್ಕೆ ಮುಂಚೆ ಗೇಟಿಗೆ ವಾಪಸಾದ. ಮಾತ್ರೆ ಇನ್ನಷ್ಟು ದಿನ ನುಂಗಿದ. ಅವನ ರಜೆಯ ಕಾರಣವನ್ನು ಸಾಹೇಬರು ಜ್ವರ ಎಂದೇ ಬರೆಸಿದ್ದರು. ಹುಚ್ಚ ಎಂಬ ಮಾತು ಚೋರನೂರಿನವರೆಗೆ ಹೋಗಲಿಲ್ಲ.

ಸಾಹೇಬರಿಗೆ ಮೈಸೂರು ಕಡೆಗೆ ವರ್ಗವಾದಾಗ ಎಲ್ಲರಿಗೂ ಕೈಮುಗಿದು ನನ್ನ ಕೋಣೆಗೂ ಬಂದರು. “ನಿಮಗೇನಾದರೂ ಬೇಕಾ ಮೇಡಂ? ಹೊರಡೋ ಮುಂಚೆ ಮಾಡಿಸಿಕೊಡ್ತೀನಿ.” ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. “ನಥಿಂಗ್ ಸರ್, ಐ ಆಮ್ ಕ್ವೈಟ್ ಆಲ್ ರೈಟ್” ಎಂದೆ. ಅವರು ನಂಬಿದರು. ಅಷ್ಟು ಚೆನ್ನಾಗಿ ಹೇಳುತ್ತಿದ್ದೆ ನಾನು.

ಮುಂದೆ ವೈರ್‌ಲೆಸ್ ಸೆಟ್ಟು ಬಂತು. ತಂತಿ ಬಿಚ್ಚಿದರು, ಹಲಗೆ ಗೋಡೌನಿಗೆ ಹೋಯಿತು, ನಾನು ಟೈಪಿಂಗಿನಲ್ಲೇ ಉಳಿದೆ. ಆದರೆ ಗೇಟುಗಳ ಜೋಡಿ ಮಾತ್ರ ಹಾಗೇ ಉಳಿಯಿತು. ಯಾವ ಹೊಸ ಸಾಹೇಬರಿಗೂ ಅದನ್ನು ಒಡೆಯಬೇಕೆನ್ನಿಸಲಿಲ್ಲ. ಮೊದಲಿನಿಂದಲೂ ಹೀಗೇ ಇತ್ತು ಎಂದುಕೊಂಡರೇನೋ.

ಹುಲುಗಪ್ಪನನ್ನು ನಾನು ಕಡೆಯ ಸಲ ನೋಡಿದ್ದು ಕಂಪ್ಲಿ ಬಸ್ಸಿನ ಕಿಟಕಿಯಿಂದ. ಕಾಲುವೆಗೆ ಹೊಸ ನೀರು ಬಿಟ್ಟಿದ್ದ ದಿನಗಳು. ಎಂಜಿನ್ ಕಾದಿದೆಯೆಂದು ಡ್ರೈವರು ಸೇತುವೆಯ ಹತ್ತಿರ ಬಸ್ಸು ನಿಲ್ಲಿಸಿದ. ಕ್ಲೀನರು ಕೊಡ ಹಿಡಿದು ದಂಡೆ ಇಳಿದ. ಆಚೆ ಗೇಟಿನ ಮೇಲೆ ಇಬ್ಬರು ಎದುರುಬದುರು ನಿಂತು ಚಕ್ರ ತಿರುಗಿಸುತ್ತಿದ್ದರು. ಒಬ್ಬನ ತಲೆ ಪೂರ್ತಿ ಬೆಳ್ಳಗಾಗಿತ್ತು. ಆದರೂ ಆ ಮೆತ್ತನೆಯ ಕೈ ನನಗೆ ಗೊತ್ತಾಯಿತು. ಕೆಂಪು ನೀರು ನೊರೆ ಕಟ್ಟಿ ಅವರ ಕಾಲಡಿಯಲ್ಲಿ ನುಗ್ಗುತ್ತಿತ್ತು. ಜೊತೆಗಾರ ಏನೋ ಅಂದ. ಹುಲುಗಪ್ಪ ಚಕ್ರ ಬಿಟ್ಟು, ಸೊಂಟಕ್ಕೆ ಕೈ ಕೊಟ್ಟು, ಬಾಗಿ ಬಾಗಿ ನಕ್ಕ. ಮತ್ತೆ ಇವನು ಏನೋ ಅಂದ, ಅವನು ನಕ್ಕ.

ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದೆ. ಮುಖ ಗುರುತು ಹಿಡಿಯದಿದ್ದರೂ ದನಿ ಗುರುತು ಹಿಡಿಯುತ್ತಿದ್ದ. ಅವರ ಮಾತಿನ ನಡುವೆ ಮಾತ್ರ ಸಂದಿ ಸಿಗಲಿಲ್ಲ.

ನಾನು ಸೀಟಿನಿಂದ ಅರ್ಧ ಎದ್ದದ್ದನ್ನು ಕಂಡಕ್ಟರು ನೋಡಿದ. “ಇಳೀತೀರೇನ್ರಿ ಅಮ್ಮಾರ? ನಿಮ್ಮೋರು ಅದಾರೇನು ಇಲ್ಲಿ?”

“ಇಲ್ಲಪ್ಪ” ಎಂದೆ. ಕೂತೆ.

ಅವನು ಸೀಟಿ ಊದಿದ. ಬಸ್ಸು ತಿರುವು ದಾಟುವವರೆಗೂ ನೋಡಿದೆ. ಅವರ ಮಾತು ಇನ್ನೂ ಮುಗಿದಿರಲಿಲ್ಲ.